ಮಾವನ ಸಹಿ

"ಹನ್ನೆರಡು ಹೊಡೀತ್ರಿ. ಇವತ್ತಿಂದು ಮುಗೀತು. ಬರೋ ಐತವಾರ ಬರ್ರಿ."

"ಹನ್ನೆರಡು ಆಗ್ಲಿಲ್ಲ. ನಿಮ್ಮ ಗಡಿಯಾರ ಮುಂದೆ ಉಂಟು!"

ಕಾಗದಗಳನ್ನು ಕಟ್ಟುತ್ತಿದ್ದ ನೀಲಕಂಠ ತಲೆಯೆತ್ತಿ ನೋಡಿದ. ಮೇಜಿನ ಆಚೆ ಒಬ್ಬಳು ಹುಡುಗಿ ಏದುಸಿರು ಬಿಡುತ್ತಾ ನಿಂತಿದ್ದಳು. ತಿಳಿ ಹಸಿರು ಸೀರೆ, ಒಂದೇ ಉದ್ದ ಜಡೆ, ಹಣೆಯ ತುಂಬ ಬೆವರು. ಮುಖದಲ್ಲಿ ಮಾತ್ರ ದಣಿವಿನ ಸುಳಿವೇ ಇಲ್ಲ. ಇದ್ದದ್ದು ಸಿಟ್ಟು!

"ಗ್ವಾಡಿ ಮ್ಯಾಲೆ ನೋಡ್ರಿ," ಎಂದ ನೀಲಕಂಠ.

"ನೋಡಿದೆ. ನನ್ನ ಲೋಕಲ್ ಮಾಟುಂಗಾಕ್ಕೆ ಬಂದದ್ದು ಹನ್ನೊಂದು ನಲವತ್ತಕ್ಕೆ. ಸ್ಟೇಷನ್ನಿನ ಗಡಿಯಾರ ನೋಡಿಯೇ ಇಳಿದದ್ದು. ಅಲ್ಲಿಂದ ಇಲ್ಲಿಗೆ ನಡೆದರೆ ಎಂಟು ನಿಮಿಷ, ನಾನು ಓಡಿದ್ದೇನೆ. ಹಾಗಾದ್ರೆ ಹನ್ನೆರಡು ಆಗ್ಲಿಕ್ಕೆ ಹೇಗೆ ಸಾಧ್ಯ? ಬೇಕಾದ್ರೆ ನಿಮ್ಮ ಕೈಗಡಿಯಾರ ನೋಡಿ."

ಅವನು ನೋಡಿಕೊಂಡ. ಹನ್ನೊಂದು ನಲವತ್ತೇಳು! ಪಾಪ, ಬೆಳಗಿನಿಂದ ಫಾರ್ಮು ತುಂಬಿಸಿ ತುಂಬಿಸಿ ತನ್ನ ಕೈಯಲ್ಲೇ ಗಡಿಯಾರ ಇದೆಯೆಂಬುದನ್ನೂ ಮರೆತಿದ್ದ. ನಗು ತಡೆಯಲಾಗಲಿಲ್ಲ.

"ಸೋತೆ ನೋಡ್ರಿ. ಕುಂದರ್ರಿ. ಯಾರ ಸಲುವಾಗಿ ಫಾರ್ಮು? ತಮ್ಮಗೇನ್ರಿ?"

"ನನಗೆ!"

ಆ ಒಂದು ಮಾತಿನಲ್ಲಿ ಎಷ್ಟು ಬಿಸಿ ಇತ್ತೆಂದರೆ, ನೀಲಕಂಠ ಕಟ್ಟಿದ್ದ ದಾರವನ್ನು ಮತ್ತೆ ಬಿಚ್ಚಿಬಿಟ್ಟ.

ಅದು ಸಾವಿರದ ಒಂಬೈನೂರ ಐವತ್ತೈದರ ಜೂನ್ ತಿಂಗಳು. ಮ್ಯಾಟ್ರಿಕ್ ರಿಸಲ್ಟು ಬಂದ ಮೇಲೆ ಮಾಟುಂಗಾದ ಆ ಕನ್ನಡ ಸಂಘದಲ್ಲಿ ಎರಡು ಭಾನುವಾರ ಒಂದು ಮೇಜು ಹಾಕುತ್ತಿದ್ದರು. ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತದ ಮಕ್ಕಳಿಗೆ, ಕಾಲೇಜು ಕಂಡವರೊಬ್ಬರು ಕೂತು ಫಾರ್ಮು ತುಂಬಿಸಿ ಕೊಡುವ ಪದ್ಧತಿ. ಆ ವರ್ಷ ಆ ಮೇಜಿಗೆ ಕೂತವನು ಧಾರವಾಡದ ನೀಲಕಂಠಪ್ಪ. ಇಪ್ಪತ್ತಮೂರು ವರ್ಷ. ಹಗಲು ನಗರದ ದಕ್ಷಿಣ ತುದಿಯ ಫೋರ್ಟಿನ ಒಂದು ಸಾಲಿಸಿಟರ್ ಆಫೀಸಿನಲ್ಲಿ ಟೈಪಿಸ್ಟು, ಸಂಜೆ ಲಾ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿ.

ಹುಡುಗಿಯ ಹೆಸರು ವಾರಿಜಾ. ಉಡುಪಿ ಕಡೆಯವಳು, ಈಗ ಚೆಂಬೂರಿನಲ್ಲಿ ಅಮ್ಮನ ಜೊತೆ ವಾಸ. ಊರು ಬಿಟ್ಟು ಬಂದಾಗ ಶಾಲೆ ಎರಡು ವರ್ಷ ತಪ್ಪಿತ್ತು. ಹಾಗಾಗಿ ಹತ್ತೊಂಬತ್ತನೆಯ ವಯಸ್ಸಿಗೆ ಮ್ಯಾಟ್ರಿಕ್, ಅದೂ ಫಸ್ಟ್ ಕ್ಲಾಸಿನಲ್ಲಿ!

"ಮುಂದ ಏನ್ ಓದಬೇಕಂತ ಮಾಡೀರಿ?"

"ಲಾ."

ನೀಲಕಂಠನ ಪೆನ್ನು ನಿಂತಿತು.

ನಗಲಿ... ನಗುತ್ತಾನೆ, ನೋಡುತ್ತಿರು! ಎಂದುಕೊಂಡಳು ವಾರಿಜಾ. ಪಕ್ಕದ ಬಿಲ್ಡಿಂಗಿನವರು ನಕ್ಕಿದ್ದರು, ಶಾಲೆಯ ಹೆಡ್ಮಾಸ್ಟರೂ ನಕ್ಕಿದ್ದರು. ಇವನಿಗೊಂದು ಉತ್ತರವನ್ನು ಅವಳು ಆಗಲೇ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದಳು.

ಆದರೆ ಅವನು ನಗಲಿಲ್ಲ. "ಯಾಕ ಲಾ?" ಎಂದು ಮೆಲ್ಲಗೆ ಕೇಳಿದ.

ಹೀಗೆ ಅವಳನ್ನು ಯಾರೂ ಕೇಳಿರಲಿಲ್ಲ.

"ನಮ್ಮದು ಅಳಿಯಸಂತಾನ. ಮನೆ, ಗದ್ದೆ ಎಲ್ಲಾ ಹೆಂಗಸರ ಕಡೆಯಿಂದ ಬರುವುದು. ಪಾಲಿನ ಕೇಸು ನಡೆಯುವಾಗ ನನ್ನ ಅಮ್ಮ ಮೂರು ದಿನ ಕೋರ್ಟಿನ ಹೊರಗೆ ಜಗಲಿಯಲ್ಲಿ ಕೂತಿದ್ದರು. ಒಳಗೆ ಅವರ ವಿಷಯ ಮಾತಾಡಿದವರೆಲ್ಲ ಗಂಡಸರು. ಎಂತ ಮಾತಾಡಿದ್ರು ಅಂತ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಒಳಗೆ ನಿಂತು ಮಾತಾಡ್ಲಿಕ್ಕೆ ಉಂಟು."

ನೀಲಕಂಠ ಅವಳನ್ನೇ ನೋಡುತ್ತಾ ಕೂತ. ಎಂಥಾ ಹುಡುಗಿ ಇವಳು! ತನ್ನ ಲಾ ಕ್ಲಾಸಿನಲ್ಲಿ ಐವತ್ತು ಜನರಿದ್ದರು. ಯಾಕೆ ಓದುತ್ತೀಯೆಂದು ಕೇಳಿದರೆ ಇಷ್ಟು ಚೊಕ್ಕವಾಗಿ ಹೇಳುವವರು ಅವರಲ್ಲಿ ಒಬ್ಬರೂ ಇರಲಿಲ್ಲ.

"ಕೇಳ್ರಿ ಹಂಗಾದ್ರ," ಎಂದ. "ಮೊದ್ಲ ನಾಲ್ಕು ವರ್ಷ ಬಿ.ಎ., ಆಮ್ಯಾಲೆ ಎರಡು ವರ್ಷ ಲಾ. ಬಿ.ಎ. ಎಲ್ಲಿ ಮಾಡಿದ್ರೂ ಲಾ ಕಾಲೇಜಿನವರು ತಗೋತಾರ. ಆದ್ರ ಆ ನಾಲ್ಕು ವರ್ಷ ಎಲ್ಲಿ ಕುಂತು ಓದ್ತೀರಿ, ಯಾರ ಮುಂದ ಎದ್ದು ನಿಂತು ಮಾತಾಡ್ತೀರಿ, ಅದರ ಮ್ಯಾಲೆ ನೀವು ಎಂಥಾ ವಕೀಲರಾಗ್ತೀರಿ ಅನ್ನೋದು ಐತಿ. ಒಂದು ವಾರ ಟೈಮ್ ಕೊಡ್ರಿ. ನಾ ಎಲ್ಲಾ ನೋಡಿ ಹೇಳ್ತೀನಿ."

ವಕೀಲರಾಗ್ತೀರಿ... ವಕೀಲರಾದರೆ ಎನ್ನಲಿಲ್ಲ, ಆಗಬಹುದು ಎನ್ನಲಿಲ್ಲ. ಆಗ್ತೀರಿ! ಚೆಂಬೂರು ಬರುವ ತನಕ ಲೋಕಲ್ಲಿನ ಕಿಟಕಿಯ ಪಕ್ಕ ಕೂತು ವಾರಿಜಾ ಆ ಮಾತನ್ನೇ ಮತ್ತೆ ಮತ್ತೆ ಹೇಳಿಕೊಂಡಳು.

ಮುಂದಿನ ಭಾನುವಾರ ಅವನ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು.

"ಮೂರು ಕಾಲೇಜು ನೋಡಿ ಬಂದೀನ್ರಿ. ಒಂದು ನಿಮ್ಮ ಮನಿಗೆ ಹತ್ತರದ ಮಹಿಳಾ ಕಾಲೇಜು. ಛಲೋ ಐತಿ, ಸಂಗೀತ, ಹೊಲಿಗಿ ಎಲ್ಲಾ ಕಲಸ್ತಾರ. ಆದ್ರ ಲಾಜಿಕ್ ಇಲ್ಲ, ಡಿಬೇಟ್ ಇಲ್ಲ. ಎರಡನೇದು ನಡು ಹಾದೀದು. ಲಾಜಿಕ್ ಐತಿ, ಲೈಬ್ರರಿ ಮಾತ್ರ ನಾಲ್ಕಕ್ಕ ಬಂದ್. ಮೂರನೇದು ಫೋರ್ಟಿನ್ಯಾಗ. ಲೈಬ್ರರಿ ಸಂಜೀ ಏಳರ ತನಕ. ಹೋದ ವರ್ಷದ ಡಿಬೇಟಿನ ಪಟ್ಟಿ ಇನ್ನೂ ಬೋರ್ಡಿನ ಮ್ಯಾಲೆ ಐತಿ. ಹದಿನಾಲ್ಕು ಹೆಸರಿನ್ಯಾಗ ಆರು ಹುಡುಗ್ಯಾರದು! ಮತ್ತ ಹೈಕೋರ್ಟು ಅಲ್ಲಿಂದ ನಡಕೊಂಡು ಹೋಗೋವಷ್ಟು ದೂರ. ಬಿಡುವಿದ್ದಾಗ ಹಿಂದಿನ ಬೆಂಚಿನ್ಯಾಗ ಕುಂತು ವಾದ ಕೇಳಬಹುದು."

ವಾರಿಜಾ ನೋಟ್‌ಬುಕ್ ತೆಗೆದುಕೊಂಡು ನೋಡಿದಳು. ಲಾಜಿಕ್ ಕಲಿಸುವವರ ಹೆಸರು, ಹುಡುಗಿಯರ ಕೋಣೆ ಎಲ್ಲಿದೆ, ಸ್ಟೇಷನ್ನಿನಿಂದ ಎಷ್ಟು ನಿಮಿಷ... ಒಂದನ್ನೂ ಬಿಟ್ಟಿರಲಿಲ್ಲ.

"ಇದನ್ನೆಲ್ಲ ಯಾವಾಗ ನೋಡಿದ್ರಿ?"

"ನಿಮ್ಮ ಮನಿ ಕಡೀದು ಶನಿವಾರ ಆಫೀಸು ಬಿಟ್ಟ ಮ್ಯಾಲೆ, ಉಳಿದದ್ದು ಊಟದ ಬಿಡುವಿನ್ಯಾಗ."

"ಊಟ?"

ಅವನು ಮಸಿಯ ಕುಡಿಕೆಯ ಮುಚ್ಚಳ ಹಾಕತೊಡಗಿದ.

ಊಟ ಬಿಟ್ಟು ನನಗಾಗಿ ಅಲೆದಿದ್ದಾನೆ! ವಾರಿಜಾಳ ಎದೆ ತುಂಬಿ ಬಂತು. ಇಂಥ ಒಳ್ಳೆಯ ಮನುಷ್ಯನೂ ಇರುತ್ತಾನೆಯೇ? ಅವನ ಮುಖ ನೋಡಲು ಯಾಕೋ ನಾಚಿಕೆಯಾಯಿತು. ನೋಡದೆ ಇರಲೂ ಆಗಲಿಲ್ಲ.

"ಫೋರ್ಟಿನ ಕಾಲೇಜಿಗೇ ಹೋಗುವುದು ನಾನು," ಎಂದಳು. "ಆದ್ರೆ ಅಮ್ಮನಿಗೆ ದೂರ ಅಂತ ಹೆದರಿಕೆ. ಫಾರ್ಮಿಗೆ ಸಹಿ ಮಾಡುವುದು ಮಾವ. ಅವರಿಗೆ ಕಾಲೇಜು ಅಂದ್ರೆ ಎಂತಂತ ಗೊತ್ತಿಲ್ಲ. ಓದಿದವರು ಒಂದು ಮಾತು ಹೇಳಿದ್ರೆ ಸಹಿ ಹಾಕ್ತೇನೆ ಅಂದಿದ್ದಾರೆ. ನೀವು ಬರ್ತೀರಾ?"

"ಬರ್ತೀನ್ರಿ. ಆದ್ರ ನೆನಪಿಡ್ರಿ, ಬುಧವಾರ ಸಂಜೀ ನಾಲ್ಕಕ್ಕ ಅಲ್ಲಿ ಫಾರ್ಮು ತಗೊಳ್ಳೋದು ಬಂದ್."

ಮಂಗಳವಾರ ಸಂಜೆ ಆಫೀಸು ಮುಗಿಸಿ ನೀಲಕಂಠ ಬೈಕುಲ್ಲಾಕ್ಕೆ ಹೋದ. ಮಾರ್ಕೆಟ್ಟಿನ ಹತ್ತಿರವೇ ಚೆನ್ನಯ ಮಾವನ ಹೋಟೆಲು. ವಾರಿಜಾ ಎರಡು ಫಾರ್ಮುಗಳನ್ನು ತುಂಬಿಸಿ ತಂದು ಮೂಲೆಯ ಮೇಜಿನಲ್ಲಿ ಕಾಯುತ್ತಿದ್ದಳು. ಒಂದು ಫೋರ್ಟಿನದು. ಇನ್ನೊಂದು ಅಮ್ಮ ಹಟ ಹಿಡಿದು ತರಿಸಿದ ಮಹಿಳಾ ಕಾಲೇಜಿನದು.

ಮಾವ ಎಂದರೆ ನೀಲಕಂಠ ನರೆತ ತಲೆಯ ಹಿರಿಯರೊಬ್ಬರನ್ನು ಕಲ್ಪಿಸಿಕೊಂಡಿದ್ದ. ಎದುರಿಗೆ ಬಂದವನೋ ಮೂವತ್ತೊಂದರ ಜವ್ವನಿಗ! ಒಪ್ಪವಾಗಿ ಬಾಚಿದ ಕ್ರಾಪು, ಬಿಳಿ ಶರಟು, ಬಾಯಿ ತುಂಬ ನಗು.

"ಬನ್ನಿ ಬನ್ನಿ ಮಾರಾಯ್ರೆ! ನಿಮ್ಮ ವಿಷಯ ಇವಳು ಹೇಳಿದ್ದೇ ಹೇಳಿದ್ದು. ಏ, ಒಂದು ಪ್ಲೇಟ್ ಬನ್ಸ್, ಮೂರು ಕಾಫಿ ಈಚೆ ಬರ್ಲಿ!"

ಕಾಫಿ ಬಂತು. ಚೆನ್ನಯ ಹೆಮ್ಮೆಯಿಂದ ಹೇಳತೊಡಗಿದ. "ನನ್ನ ಅಕ್ಕನ ಮಗಳು. ಇವಳ ಓದು, ಬಟ್ಟೆ, ನಾಳಿನ ಬದುಕು, ಎಲ್ಲಾ ನನ್ನ ಜವಾಬ್ದಾರಿ. ನನ್ನದು ಅಂತ ಇರುವುದೆಲ್ಲ ಇವಳದ್ದೇ."

ನೀಲಕಂಠನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ತಮ್ಮದು ಲಗ್ನ...?"

"ಎಲ್ಲಿಯ ಮದುವೆ! ಇವಳ ಓದು ಒಂದು ದಡ ಸೇರ್ಲಿ, ಆಮೇಲೆ ಮದುವೆ."

ಅಷ್ಟೇ! ನೀಲಕಂಠನ ಎದೆಯಲ್ಲಿ ಏನೋ ಮುರಿದು ಬಿತ್ತು.

ಅವನನ್ನು ಬೈಯುವ ಮೊದಲು ಸ್ವಲ್ಪ ಕೇಳಿ. ಧಾರವಾಡದ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ಮನೆಮನೆಯ ಸಂಗತಿ. ನೀಲಕಂಠನ ಅವ್ವ ಚಂದ್ರವ್ವ ಕೈಹಿಡಿದದ್ದೇ ತನ್ನ ಸೋದರಮಾವ ಬಸವಂತಪ್ಪನನ್ನು! ಅವನ ಲೆಕ್ಕದಲ್ಲಿ ಮದುವೆಯಾಗದ ಸೋದರಮಾವನೊಬ್ಬ ಅಕ್ಕನ ಮಗಳ ಬದುಕೆಲ್ಲ ತನ್ನದೆಂದರೆ ಅದಕ್ಕೆ ಇರುವುದು ಒಂದೇ ಅರ್ಥ. ವಾರಿಜಾಳ ಕಡೆಯಲ್ಲಿ ಮಾವ ಮತ್ತು ಅಕ್ಕನ ಮಗಳು ಒಂದೇ ತಾಯಿಯ ಬಳಿಯವರು, ಅಂದರೆ ಒಂದೇ ಕುಲದವರು, ಅವರ ನಡುವೆ ಮದುವೆಯ ಮಾತೆತ್ತಿದರೂ ಪಾಪ, ಎಂಬುದು ಈ ಲಾ ಓದುವ ಬುದ್ಧಿವಂತನಿಗೆ ಎಲ್ಲಿ ಗೊತ್ತು? ಅವನ ಪುಸ್ತಕದಲ್ಲಿ ಅಳಿಯಸಂತಾನದ ಆಸ್ತಿಯ ಮಾತಿತ್ತೇ ಹೊರತು ಮದುವೆಯ ಮಾತಿರಲಿಲ್ಲ.

"ಹೇಳಿ ಈಗ," ಎಂದ ಚೆನ್ನಯ, ಪೆನ್ನು ತೆಗೆದು. "ಯಾವ ಕಾಲೇಜು? ನೀವು ಹೇಳಿದ್ದಕ್ಕೆ ನನ್ನ ಸಹಿ."

ವಾರಿಜಾ ಫೋರ್ಟಿನ ಫಾರ್ಮನ್ನು ಮುಂದೆ ಸರಿಸಿದಳು.

ಈ ಮನುಷ್ಯ ಕೈಹಿಡಿಯುವ ಹುಡುಗಿಯ ವಿಷಯದಲ್ಲಿ ಮಾತಾಡಲು ನಾನ್ಯಾರು... ಎಂದುಕೊಂಡ ನೀಲಕಂಠ. ಅದೂ ಅವಳ ಮೇಲೆ ಮನಸ್ಸಿಟ್ಟವನು! ಒಂದು ಮಾತಾಡಿದರೂ ಅದು ಮೋಸವಲ್ಲವೇ?

"ಮನಿಗೆ ಹತ್ತರದ್ದ... ಅನುಕೂಲ ಅನಸ್ತದ್ರಿ," ಎಂದ ತಲೆ ತಗ್ಗಿಸಿ. "ಮಹಿಳಾ ಕಾಲೇಜೂ ಛಲೋನ ಐತಿ. ನಂಗ ಸ್ವಲ್ಪ ಕೆಲಸ ಐತಿ. ಬರ್ತೀನಿ."

ಕಾಫಿ ಹಾಗೇ ಉಳಿಯಿತು. ಅವನು ತಿರುಗಿ ನೋಡದೆ ಹೊರಟುಹೋದ.

ಚೆನ್ನಯ ಮಹಿಳಾ ಕಾಲೇಜಿನ ಫಾರ್ಮಿಗೆ ಸಹಿ ಹಾಕಿದ. "ಅವರೇ ಹೇಳಿದ್ರಲ್ಲ ಮಗಾ. ಓದಿದವರು."

ವಾರಿಜಾ ಸಹಿಯಿಲ್ಲದ ಫೋರ್ಟಿನ ಫಾರ್ಮನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮನೆಗೆ ಹೋಗುವಾಗ ಲೋಕಲ್ಲಿನಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಕಾಲೇಜು ಹೋಯಿತು ಎನ್ನುವುದಕ್ಕಿಂತ ಹೆಚ್ಚಾಗಿ... ಅವನೂ ಎಲ್ಲರಂತೆಯೇ ಅಲ್ಲವೇ! ವಕೀಲರಾಗ್ತೀರಿ ಎಂದದ್ದೆಲ್ಲ ಬಾಯಿಮಾತು. ಇನ್ನೊಬ್ಬ ಗಂಡಸಿನ ಎದುರು ಕೂತ ಕೂಡಲೇ ಅವನಿಗೆ, ಹುಡುಗಿಗೆ ಹೊಲಿಗೆಯೇ ಸಾಕೆನಿಸಿತು. ಅಂಥವನನ್ನು ನಾನು ಎಷ್ಟು ದೊಡ್ಡವನೆಂದು ತಿಳಿದಿದ್ದೆ!

ಆದರೆ ವಾರಿಜಾ ಅತ್ತು ಸುಮ್ಮನಾಗುವ ಹುಡುಗಿಯಲ್ಲ. ಸಂಘದಲ್ಲಿ ವಿಳಾಸ ಕೇಳಿಕೊಂಡು, ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಅವಳು ಫೋರ್ಟಿನ ಆ ಸಾಲಿಸಿಟರ್ ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದಳು. ಚೀಲದಲ್ಲಿ ಸಹಿಯಿಲ್ಲದ ಫಾರ್ಮು.

ಜವಾನ ಹೇಳಿ ಕಳುಹಿಸಿದ ಮೇಲೆ ನೀಲಕಂಠ ಹೊರಗೆ ಬಂದ. ಒಂದೇ ದಿನದಲ್ಲಿ ಮುಖ ಬಾಡಿಹೋಗಿತ್ತು.

"ನೀವು? ಇಲ್ಲಿ?"

"ಮೂರು ಪ್ರಶ್ನೆ ಕೇಳ್ಲಿಕ್ಕೆ ಬಂದದ್ದು. ಆದಿತ್ಯವಾರ ನೀವು ನನಗೆ ಯಾವ ಕಾಲೇಜು ಹೇಳಿದ್ದು?"

"ಫೋರ್ಟಿಂದು."

"ಮಂಗಳವಾರದ ಒಳಗೆ ಆ ಕಾಲೇಜಿನಲ್ಲಿ ಏನಾದ್ರೂ ಬದಲಾಯ್ತಾ?"

"ಇಲ್ರಿ..."

"ನಾನು ಬದಲಾದೆನಾ?"

"ಇಲ್ಲ."

"ಹಾಗಾದ್ರೆ ನಿನ್ನೆ ನಿಮಗೆ ಎಂತ ಆಯ್ತು?"

ಇದು ನಾಲ್ಕನೆಯ ಪ್ರಶ್ನೆ ಎನ್ನುವ ಧೈರ್ಯ ಯಾರಿಗಿತ್ತು! ನೀಲಕಂಠ ಗೋಡೆಗೆ ಒರಗಿದ. "ನಿಮ್ಮನ್ನ ಲಗ್ನ ಆಗವರ ಮುಂದ ನಾ ಹೆಂಗ ಮಾತಾಡ್ಲಿ ಹೇಳ್ರಿ?"

"ನನ್ನನ್ನು... ಯಾರು?"

"ನಿಮ್ಮ ಮಾವ."

ವಾರಿಜಾ ಮೊದಲು ಮುಖ ಕಿವುಚಿದಳು. ಆಮೇಲೆ... ನಗು ಬಂತು! ಎಂಥ ನಗು ಅಂದರೆ, ಮೆಟ್ಟಿಲು ಇಳಿಯುತ್ತಿದ್ದ ಗುಮಾಸ್ತರಿಬ್ಬರು ನಿಂತು ನೋಡಿದರು.

"ಅಯ್ಯೋ ದೇವರೇ! ಮಾವ ಅಂದ್ರೆ ನಮಗೆ ಅಪ್ಪನಿಗಿಂತ ಮೇಲೆ! ಹಾಗೆ ಯೋಚನೆ ಮಾಡ್ಲಿಕ್ಕೂ ಇಲ್ಲ ನಮ್ಮಲ್ಲಿ. ಮಾವನಿಗೆ ಕಾರ್ಕಳದಲ್ಲಿ ಹುಡುಗಿ ನೋಡಿ ಆಗಿದೆ!"

ನೀಲಕಂಠನ ಮುಖಕ್ಕೆ ರಕ್ತ ಮರಳಿ ಬಂತು. "ಖರೇನ? ನಮ್ಮ ಕಡೆ ಹಂಗ ಆಗ್ತಾರ್ರಿ... ನಮ್ಮ ಅವ್ವ, ಅಪ್ಪ... ನಾ ತಿಳಕೊಂಡೆ..."

ಆದರೆ ವಾರಿಜಾಳ ನಗು ಆಗಲೇ ನಿಂತಿತ್ತು. ಕಣ್ಣಲ್ಲಿ ನೀರು ತುಂಬಿತ್ತು.

"ಇರಲಿ, ನನಗೆ ಮದುವೆ ನಿಶ್ಚಯ ಆಗಿದೆ ಅಂತಲೇ ಇಟ್ಟುಕೊಳ್ಳಿ. ಆಗ ನನಗೆ ಲಾಜಿಕ್ ಬೇಡವಾ? ಲೈಬ್ರರಿ ಬೇಡವಾ? ಮದುವೆ ಆಗುವವಳು ಅಂತ ಗೊತ್ತಾದ ಕೂಡ್ಲೆ ನನಗೆ ಬೇರೆ ಕಾಲೇಜಾ?"

ನೀಲಕಂಠನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಎಷ್ಟು ನಿಜ! ತನ್ನ ನೋವಿನಲ್ಲಿ ಅವನು ಅವಳ ಆರು ವರ್ಷವನ್ನೇ ಮಾರಿಬಿಟ್ಟಿದ್ದ. ಅವಳೆದುರು ನಿಂತಿರಲು ನಾಚಿಕೆಯಾಯಿತು. ಹಾಗೆಯೇ ಅವಳ ಮೇಲೆ ಇನ್ನಿಲ್ಲದ ಗೌರವ ಹುಟ್ಟಿತು.

"ತಪ್ಪಾತ್ರಿ. ಭಾಳ ದೊಡ್ಡ ತಪ್ಪು. ನಂಗ ತಡಕೊಳ್ಳಾಕ ಆಗಲಿಲ್ಲ, ಅದಕ್ಕ ಹಂಗ..."

"ಎಂತ ತಡಕೊಳ್ಳಲಿಕ್ಕೆ ಆಗ್ಲಿಲ್ಲ?"

ಅವನು ಅವಳ ಮುಖ ನೋಡಿದ. ಅವಳ ಕೆನ್ನೆ ಬಿಸಿಯಾಯಿತು. ಇಬ್ಬರಿಗೂ ಗೊತ್ತಾಗಿತ್ತು.

"ಅದು ಆಮೇಲೆ," ಎಂದಳು ವಾರಿಜಾ ಬೇಗನೆ. "ಮೊದಲು ಮಾವನ ಸಹಿ."

ನೀಲಕಂಠ ಅರ್ಧ ದಿನದ ರಜೆ ಕೇಳಿ, ಬೈಗುಳವನ್ನೂ ಕೇಳಿ ಓಡಿಬಂದ. ಬೈಕುಲ್ಲಾ ತಲುಪುವಾಗ ಎರಡೂವರೆ. ಹೋಟೆಲಿನಲ್ಲಿ ಊಟದ ಗದ್ದಲ ಇನ್ನೂ ಇಳಿದಿರಲಿಲ್ಲ. "ನಾನು ಹೇಳ್ತೇನೆ," ಎಂದ ವಾರಿಜಾಳನ್ನು ತಡೆದು ಅವನೇ ಎಲ್ಲವನ್ನೂ ಹೇಳಿದ.

ಚೆನ್ನಯ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. "ಎಂತ ಮಾತು ಮಾರಾಯ್ರೆ! ಇವಳನ್ನು ತೊಟ್ಟಿಲಲ್ಲಿ ತೂಗಿದವ ನಾನು! ಲಾ ಓದ್ತೀರಿ, ಇಷ್ಟು ಗೊತ್ತಿಲ್ವಾ?"

"ಗೊತ್ತಿದ್ದಿಲ್ರಿ. ಆದ್ರ ನನ್ನ ತಪ್ಪು ಅದಲ್ಲ. ನಿನ್ನೆ ನಿಮಗ ಸುಳ್ಳು ಹೇಳಿದೆ, ಅದು ತಪ್ಪು. ಇವರಿಗೆ ಬೇಕಾಗಿದ್ದು ಫೋರ್ಟಿನ ಕಾಲೇಜು. ನಾಳೆ ಇವರು ಯಾರನ್ನ ಲಗ್ನ ಆಗ್ಲಿ, ಆಗದ ಇರ್ಲಿ, ಅದ ಕಾಲೇಜು. ಇಂಥಾ ತಲಿ ನಾ ಎಲ್ಲೂ ನೋಡಿಲ್ರಿ. ಒಂದು ದಿನ ಇವರು ಕೋರ್ಟಿನ್ಯಾಗ ನಿಂತಾಗ ನೀವು ಹಿಂದಿನ ಬೆಂಚಿನ್ಯಾಗ ಕುಂತು ಕೇಳ್ತೀರಿ."

ಚೆನ್ನಯನ ಕಣ್ಣು ಒದ್ದೆಯಾಯಿತು. ಅವನು ಅಕ್ಕನ ಮಗಳ ಮುಖ ನೋಡಿದ.

"ದಿನಾ ಇಷ್ಟು ದೂರ... ಹೆದರಿಕೆ ಇಲ್ವಾ ಮಗಾ?"

"ಉಂಟು ಮಾವ. ಆದ್ರೆ ಹೋಗ್ಬೇಕು."

"ಅಕ್ಕನಿಗೆ ನಾನು ಹೇಳ್ತೇನೆ." ಅವನು ಒತ್ತಿ ಒತ್ತಿ ಸಹಿ ಹಾಕಿದ. ಹಾಕಿದವನು ನೀಲಕಂಠನ ಕಡೆ ತಿರುಗಿದ. "ಅದು ಸರಿ, ಇವಳಿಗೆ ಮದುವೆ ಅಂತ ಕೇಳಿ ನಿಮಗೆ ಯಾಕೆ ಕಾಫಿ ಸೇರ್ಲಿಲ್ಲ?"

ನೀಲಕಂಠ ಫಾರ್ಮನ್ನು ಮಡಚತೊಡಗಿದ. "ಅದು... ಏನಂದ್ರ..."

"ನನಗೆ ಹೇಳ್ಬೇಡಿ!" ಚೆನ್ನಯ ನಕ್ಕುಬಿಟ್ಟ. "ನಮ್ಮಲ್ಲಿ ಮೊದಲು ಹುಡುಗಿಯ ಮಾತು, ಆಮೇಲೆ ಮಾವನ ಮಾತು. ಓಡಿ ಈಗ, ನಾಲ್ಕಕ್ಕೆ ಬಂದ್ ಅಂದ್ರಲ್ಲ!"

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಫೋರ್ಟಿನ ಆ ಕಾಲೇಜಿನ ಕಿಟಕಿಯ ಒಳಗೆ ವಾರಿಜಾಳ ಫಾರ್ಮು ಹೋಯಿತು. ಗುಮಾಸ್ತ ಠಸ್ಸೆ ಒತ್ತಿ ಒಂದು ಚೀಟಿ ಕೊಟ್ಟ. ಚೀಟಿಯನ್ನು ಎದೆಗೊತ್ತಿಕೊಂಡು ಅವಳು ಹೊರಗಿನ ಮೆಟ್ಟಿಲ ಮೇಲೆ ಬಂದು ನಿಂತಳು. ನಾನು ಕಾಲೇಜಿನವಳು... ಈ ಕಾಲೇಜಿನವಳು!

ನೀಲಕಂಠ ಎರಡು ಮೆಟ್ಟಿಲು ಕೆಳಗೆ ನಿಂತಿದ್ದ.

"ಈಗ ಹೇಳಿ," ಎಂದಳು ಅವಳು.

"ನಂಗ ನೀವಂದ್ರ ಜೀವ," ಎಂದ ಅವನು. ಸುತ್ತು ಬಳಸಲಿಲ್ಲ. "ಓಡಿ ಬಂದು ನನ್ನ ಜೋಡಿ ಜಗಳಾ ಮಾಡಿದ್ರಲ್ಲ, ಆವತ್ತಿಂದನ."

ವಾರಿಜಾಳ ಕಣ್ಣು ತುಂಬಿತು. ಅಷ್ಟೆಲ್ಲ ಪ್ರಶ್ನೆ ಕೇಳಿದ ಹುಡುಗಿ ಈಗ ಸೆರಗಿನ ತುದಿಯನ್ನು ಸುತ್ತುತ್ತಾ ನಿಂತಳು.

"ನನ್ನ ಲಾ ಮುಗಿಯುವ ತನಕ ಮದುವೆ ಇಲ್ಲ," ಎಂದಳು ಕೊನೆಗೆ. "ಆರು ವರ್ಷ."

"ಕಾಯ್ತೀನಿ."

"ನಿಮ್ಮ ಅಮ್ಮ ಒಪ್ತಾರಾ? ನಾವು ಬೇರೆ ಜಾತಿ, ಬೇರೆ ಊರು..."

"ಅವ್ವ ಅಳತಾಳ. ಅಪ್ಪ ಒಂದು ವರ್ಷ ಮಾತು ಬಿಡ್ತಾನ. ಒಪ್ಪಸಾಕ ಆರು ವರ್ಷ ಅದಾವಲ್ರಿ."

"ಆದ್ರೂ ಒಪ್ಪದಿದ್ರೆ?"

"ಒಪ್ಪದಿದ್ರ ಹೊಸಾ ಕಾಯ್ದೆ ಬಂದೈತಿ, ಈ ಜನವರಿಯಿಂದ. ಜಾತಿ ಯಾವುದಿದ್ರೂ ರಿಜಿಸ್ಟ್ರಾರ್ ಮುಂದ..."

"ಮೂರು ಸಾಕ್ಷಿ ಬೇಕು," ಎಂದಳು ವಾರಿಜಾ. "ಒಂದು ತಿಂಗಳು ಮೊದಲೇ ನೋಟಿಸು ಕೊಡ್ಬೇಕು. ನನಗೆ ಗೊತ್ತುಂಟು."

ನೀಲಕಂಠ ಬೆರಗಾಗಿ ಅವಳನ್ನು ನೋಡಿದ. "ನಿಮಗ ಹೆಂಗ ಗೊತ್ತು?"

ಅವಳ ಮುಖ ಕೆಂಪಾಯಿತು. ಆದರೂ ಕಣ್ಣು ತಗ್ಗಿಸಲಿಲ್ಲ. "ಸಂಘದ ಲೈಬ್ರರಿಯಲ್ಲಿ ಹುಡುಕಿ ಓದಿದ್ದು. ಆದಿತ್ಯವಾರ, ನೀವು ಆಚೆ ಹೋದ ಮೇಲೆ."

"ಐತವಾರ? ಆವತ್ತು ನಾ ಇನ್ನೂ ಒಂದು ಮಾತೂ ಆಡಿದ್ದಿಲ್ಲಲ್ರಿ!"

"ನೀವು ಮಾತಾಡುವ ತನಕ ಕಾಯ್ಲಿಕ್ಕೆ," ಎಂದಳು ವಾರಿಜಾ, ಒಂದು ಮೆಟ್ಟಿಲು ಕೆಳಗಿಳಿದು, "ನಾನೇನು ಜಗಲಿಯಲ್ಲಿ ಕೂರುವವಳಾ?"